ಕುಮಾರಿ ನಿರ್ಮಲಾ ಮತ್ತು ಸಂಗಡಿಗರಿಂದ

ನಮ್ಮ ಮನೆಯ ಚಹಾಕ್ಕೆ ಏಲಕ್ಕಿ ಹಾಕುವುದಿಲ್ಲ. ರಾಣೇಬೆನ್ನೂರಿನ ನಮ್ಮ ಓಣಿಯಲ್ಲಿ ಇದೊಂದು ಸಣ್ಣ ಸೋಜಿಗದ ಸಂಗತಿಯಾಗಿಬಿಟ್ಟಿದೆ. ಮನೆಗೆ ಬಂದವರು ಮೊದಲ ಗುಟುಕಿಗೇ ಕಪ್ಪನ್ನು ತುಸು ದೂರ ಹಿಡಿದು ನೋಡುತ್ತಾರೆ. ಶುಂಠಿ ಇದೆ, ಹಾಲು ಗಟ್ಟಿಯಾಗಿದೆ, ಸಕ್ಕರೆಗೂ ಕೈ ಹಿಡಿದಿಲ್ಲ, ಮತ್ತೇನು ಕಡಿಮೆಯಾಯಿತು ಎಂದು ಯೋಚಿಸುತ್ತಾರೆ. ಏಲಕ್ಕಿಯನ್ನು ಪೋಣಿಸಿ ಹಾರ ಮಾಡಿ ಕಂಡಕಂಡವರ ಕೊರಳಿಗೆ ಹಾಕುವ ಹಾವೇರಿಯ ಮಗ್ಗುಲಲ್ಲೇ ಇದ್ದುಕೊಂಡು ಎರಡು ಕಾಳು ಚಹಾಕ್ಕೆ ಹಾಕಲಾರದಷ್ಟು ಜಿಪುಣಿ ಇವಳು ಎಂದು ನನ್ನ ನಾದಿನಿ ನಾಲ್ಕು ಮಂದಿಯೆದುರು ಆಡಿ ತೋರಿಸಿದ್ದೂ ಉಂಟು. ಜಿಪುಣತನವಲ್ಲ, ಸಿಟ್ಟು. ಏಲಕ್ಕಿಯ ವಾಸನೆ ಮೂಗಿಗೆ ಬಡಿದರೆ ಸಾಕು, ನನ್ನ ಕಣ್ಣೆದುರು ಒಂದು ವೇದಿಕೆ ಬರುತ್ತದೆ: ಬಿಳಿ ಬಟ್ಟೆ ಹೊದ್ದ ಮೇಜು, ಮೇಜಿನ ಹಿಂದೆ ಹಾರ ಹಾಕಿಸಿಕೊಂಡು ಕೂತ ದೊಡ್ಡವರು, ಮೂಲೆಯಲ್ಲಿ ಕುತ್ತಿಗೆ ಬಾಗಿದ ಮೈಕು, ಆ ಮೈಕಿನ ಮುಂದೆ ಅವ್ವನ ರೇಶ್ಮೆ ಸೀರೆ ಉಟ್ಟು ನಿಂತ ನಾನು. ವರ್ಷಗಳು ಕಳೆದರೂ ಆ ಸಿಟ್ಟು ಆರಿಲ್ಲ. ಆರಬೇಕೆಂದು ನನಗೆ ಅನಿಸಿಯೂ ಇಲ್ಲ.

ನಾನು ಓದಿದ್ದು ಹಾವೇರಿಯ ಒಂದು ಕಾಲೇಜಿನಲ್ಲಿ. ಹೆಸರು ಬೇಡ, ಅದರಂಥವು ಸುತ್ತಮುತ್ತ ಇನ್ನೂ ಹಲವಿದ್ದವು, ಎಲ್ಲದರಲ್ಲೂ ನನ್ನಂಥವಳೊಬ್ಬಳು ಇದ್ದೇ ಇದ್ದಳು. ಎಂಬತ್ತರ ದಶಕ ಅದು. ಹಾವೇರಿ ಇನ್ನೂ ಜಿಲ್ಲೆಯಾಗಿರಲಿಲ್ಲ, ದೊಡ್ಡದೆನ್ನುವ ಎಲ್ಲವೂ ಧಾರವಾಡದಿಂದಲೇ ಬರಬೇಕಿತ್ತು. ಪ್ರಶ್ನೆಪತ್ರಿಕೆ ಅಲ್ಲಿಂದ, ಫಲಿತಾಂಶ ಅಲ್ಲಿಂದ, ಭಾಷಣ ಮಾಡುವವರೂ ಅಲ್ಲಿಂದ. ಬ್ಯಾಡಗಿಯಿಂದ ಬೆಳಗಿನ ಪ್ಯಾಸೆಂಜರ್ ಗಾಡಿಗೆ ಬಂದು ಸಂಜೆಯ ಗಾಡಿಗೆ ಮರಳುವ ಹುಡುಗಿಯರಲ್ಲಿ ನಾನೊಬ್ಬಳು. ನನಗೆ ಗಣಿತವೆಂದರೆ ಪ್ರಾಣ. ಯಾಕೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಒಂದು ಲೆಕ್ಕ ಬಿಡಿಸಿದಾಗ ಒಳಗೆ ಏನೋ ತಣ್ಣಗಾಗುತ್ತಿತ್ತು, ಅಂಥ ತಂಪು ನನಗೆ ಬೇರೆಲ್ಲೂ ಸಿಕ್ಕಿಲ್ಲ. ಆದರೆ ದೇವರು ನನಗೆ ಒಂದು ಕಂಠವನ್ನೂ ಕೊಟ್ಟುಬಿಟ್ಟಿದ್ದ, ತೊಂದರೆಯಾದದ್ದು ಅದರಿಂದ.

ಸೇರಿದ ವರ್ಷವೇ ಗ್ಯಾದರಿಂಗಿನಲ್ಲಿ, ಅಂದರೆ ನಮ್ಮ ಕಡೆಯ ಕಾಲೇಜುಗಳ ವಾರ್ಷಿಕ ಸ್ನೇಹ ಸಮ್ಮೇಳನದಲ್ಲಿ, ಗೆಳತಿಯರ ಒತ್ತಾಯಕ್ಕೆ ಒಂದು ಹಾಡು ಹಾಡಿದೆ. ಮುಗಿಯಿತು. ಅಂದಿನಿಂದ ಕಾಲೇಜಿನಲ್ಲಿ ಏನೇ ನಡೆದರೂ ನಾನು ಬೇಕು. ಆಟೋಟ ನೋಡಿಕೊಳ್ಳುವ ಜಿಮಖಾನಾದ ಉದ್ಘಾಟನೆಗೆ ನಾನು, ಇತಿಹಾಸ ಸಂಘಕ್ಕೆ ನಾನು, ವಾಣಿಜ್ಯ ಸಂಘಕ್ಕೆ ನಾನು, ಗುಮಾಸ್ತರೊಬ್ಬರ ನಿವೃತ್ತಿಗೆ ನಾನು, ಬಾವಿಗೆ ಹೊಸ ಪಂಪು ಕೂಡಿಸಿದ ದಿನವೂ ನಾನು. ಸಿಪಾಯಿ ತರಗತಿಯ ಬಾಗಿಲಿಗೆ ಬಂದು, ಪ್ರಾರ್ಥನಾ ಹುಡುಗಿಯನ್ನು ಪ್ರಾಚಾರ್ಯರು ಕರೆಯುತ್ತಾರೆ ಎನ್ನುವನು. ಕರಿಹಲಗೆಯ ಮೇಲೆ ಅರ್ಧಕ್ಕೆ ಬಂದ ಸಮೀಕರಣವನ್ನು ಅಲ್ಲೇ ಬಿಟ್ಟು ನಾನು ಎದ್ದು ಹೋಗಬೇಕು. ಆಮಂತ್ರಣ ಪತ್ರಿಕೆಯಲ್ಲಿ ‘ಪ್ರಾರ್ಥನೆ: ಕುಮಾರಿ ನಿರ್ಮಲಾ ಮತ್ತು ಸಂಗಡಿಗರಿಂದ’ ಎಂದು ಅಚ್ಚಾಗುತ್ತಿತ್ತು. ಸಂಗಡಿಗರೆಂದರೆ ಪಕ್ಕದಲ್ಲಿ ನಿಂತು ತುಟಿ ಅಲ್ಲಾಡಿಸುತ್ತಿದ್ದ ಇಬ್ಬರು ಹುಡುಗಿಯರು, ಪಾಪ, ಅವರಿಗೂ ತರಗತಿ ತಪ್ಪುತ್ತಿತ್ತು. ತಪ್ಪಿದ ಪಾಠವನ್ನು ನಾನು ಯಾರದೋ ಟಿಪ್ಪಣಿ ಇಸಕೊಂಡು ಗಾಡಿಯಲ್ಲಿ ಕೂತು ಓದಿಕೊಳ್ಳುತ್ತಿದ್ದೆ. ಹುಡುಗರು ಯಾರನ್ನೂ ಹೀಗೆ ಪಾಠದ ನಡುವಿನಿಂದ ಎಬ್ಬಿಸಿಕೊಂಡು ಹೋದದ್ದನ್ನು ನಾನು ನೋಡಲಿಲ್ಲ. ಅವರು ಕುರ್ಚಿ ಹೊರುತ್ತಿದ್ದರು, ನಿಜ, ಆದರೆ ಅದನ್ನು ತರಗತಿ ಮುಗಿದ ಮೇಲೆ ಹೊರುತ್ತಿದ್ದರು.

ನಮ್ಮ ಸಭೆಗಳನ್ನು ನೀವೂ ಬಲ್ಲಿರಿ, ಓದುಗರೇ, ನೀವೂ ಅಲ್ಲಿ ಆಕಳಿಸುತ್ತ ಕೂತವರೇ ಇರಬೇಕು. ಮೊದಲು ಪ್ರಾರ್ಥನೆ, ಆಮೇಲೆ ಸ್ವಾಗತ ಗೀತೆ, ಆಮೇಲೆ ಸ್ವಾಗತ ಭಾಷಣ. ಗೀತೆಯಲ್ಲಿ ಸ್ವಾಗತಿಸಿದವರನ್ನೇ ಭಾಷಣದಲ್ಲಿ ಇನ್ನೊಮ್ಮೆ ಸ್ವಾಗತಿಸದಿದ್ದರೆ ಅವರು ಎದ್ದು ಹೋಗಿಬಿಡುತ್ತಾರೆಯೋ ಎನ್ನುವ ಹಾಗೆ. ಅದಾದ ಮೇಲೆ ಅತಿಥಿಗಳ ಪರಿಚಯ, ಪರಿಚಯ ಮಾಡಿಕೊಡುವವರ ಪರಿಚಯ, ಹಾರ, ತುರಾಯಿ, ದೀಪ ಹಚ್ಚುವುದು, ಫ್ಯಾನಿನ ಗಾಳಿಗೆ ದೀಪ ಆರುವುದು, ಫ್ಯಾನು ನಿಲ್ಲಿಸಿ ಮತ್ತೆ ಹಚ್ಚುವುದು, ಪ್ರಾಸ್ತಾವಿಕ ನುಡಿ. ಇಷ್ಟೆಲ್ಲ ಮುಗಿದು ಉಳಿದ ಚೂರು ಹೊತ್ತಿನಲ್ಲಿ, ಯಾವ ಮನುಷ್ಯನನ್ನು ಏನೋ ಹೇಳಲೆಂದು ಅಷ್ಟು ದೂರದಿಂದ ಕರೆಸಿದ್ದರೋ ಆತ ತನ್ನ ಮಾತನ್ನು ಹೇಳಿ ಮುಗಿಸಬೇಕು. ವಿದ್ಯೆಯ ಮನೆಯಲ್ಲಿ ವಿದ್ಯೆಗೆ ಸಿಗುತ್ತಿದ್ದದ್ದು ಪಂಕ್ತಿಯ ಕೊನೆಯ ಎಲೆ. ಈ ಅಬ್ಬರವನ್ನೆಲ್ಲ ನಾವು ಗೌರವ ಎಂದು ಕರೆದೆವು. ನನಗೆ ಮೈ ಉರಿಯುವುದು ಈ ಮಾತಿಗೇ. ಕರೆದವರ ಮಾತನ್ನು ಕೇಳದಿರುವುದಕ್ಕೆ ಇಷ್ಟು ಚಂದದ ಏರ್ಪಾಡನ್ನು ಬೇರೆ ಯಾವ ಸೀಮೆಯವರು ಮಾಡಿಕೊಂಡಿದ್ದಾರೋ ನಾನು ಕಾಣೆ.

ಇಷ್ಟಕ್ಕೇ ನಾನು ವರ್ಷಗಟ್ಟಲೆ ಸಿಟ್ಟನ್ನು ಕಾಯ್ದಿಟ್ಟುಕೊಳ್ಳುತ್ತಿರಲಿಲ್ಲ. ತರಗತಿ ತಪ್ಪಿದ್ದನ್ನು ಓದಿ ತುಂಬಿಕೊಳ್ಳಬಹುದು, ತುಂಬಿಕೊಂಡೆ. ತುಂಬಿಕೊಳ್ಳಲು ಬಾರದ್ದು ಒಂದು ದಿನ ಹೋಯಿತು, ಅದನ್ನು ಹೇಳುತ್ತೇನೆ. ಅದಕ್ಕೆ ಮೊದಲು ನಮ್ಮ ಅಪ್ಪನ ವಿಷಯ ಹೇಳಬೇಕು.

ಅಪ್ಪನದು ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ದಲಾಲಿ ಅಂಗಡಿ. ದೊಡ್ಡದಲ್ಲ, ಹೊಟ್ಟೆ ಬಟ್ಟೆಗೆ ಸಾಲುವಂಥದು. ಸೀನು ಬಾರದೆ ಘಾಟಿನ ನಡುವೆ ದಿನವಿಡೀ ನಿಲ್ಲಬಲ್ಲವರಾಗಿದ್ದರು. ಹೊರಗಿನವರು ಮೂಗಿಗೆ ಕರವಸ್ತ್ರ ಹಿಡಿದು ಬಂದರೆ ಮುಸಿಮುಸಿ ನಗುತ್ತಿದ್ದರು. ಅವರಿಗೊಂದು ಕಟ್ಟುನಿಟ್ಟು ಇತ್ತು: ಮಾಲು ತಂದವನು ತನ್ನ ಮಾಲಿನ ಬಗ್ಗೆ ಆಡುವ ಹೊಗಳಿಕೆಯನ್ನು ಅವರು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಹಾಕಿಕೊಳ್ಳಬಾರದು ಕೂಡ. ಆ ಕಟ್ಟುನಿಟ್ಟನ್ನು ಅವರು ಅಂಗಡಿಯಲ್ಲಿ ಬಿಟ್ಟು ಬರದೆ ಮನೆಗೂ ತಂದರು. ನಾನು ಧಾರವಾಡಕ್ಕೆ ಹೋಗಿ ಗಣಿತದಲ್ಲಿ ಎಮ್ಮೆಸ್ಸಿ ಮಾಡುತ್ತೇನೆ ಎಂದಾಗ ಅವರು ಬೈಯಲಿಲ್ಲ, ಇಲ್ಲ ಎನ್ನಲೂ ಇಲ್ಲ. ಹೆಣ್ಣುಮಗಳನ್ನು ಹಾಸ್ಟೆಲಿನಲ್ಲಿಟ್ಟು ಓದಿಸುವುದು ನಮ್ಮ ಬಳಗದಲ್ಲಿ ಯಾರೂ ಮಾಡದ ಕೆಲಸ, ನಾಳೆ ನಾಲ್ಕು ಜನ ಕೇಳಿದರೆ ತಾವು ಒಂದು ಉತ್ತರ ಕೊಡುವಂತಿರಬೇಕು ಎಂದರು.

“ನನಗ ಗಣಿತ ಬರ್ತದ ಅಂತ ನೀ ಅಂತಿ. ನಿಮ್ಮ ಕಾಲೇಜಿನ ಸರೂ ಅಂತಾರ. ಅವರೂ ನಿನ್ನ ಕಡ್ಯಾವ್ರ. ಧಾರವಾಡದ ದೊಡ್ಡ ಮಾಸ್ತರು ಒಬ್ರು ನಿನ್ನ ನೋಡಿ, ಈ ಹುಡುಗೀನ ಕಳಸ್ರಿ ಅಂತ ತಾವಾಗಿ ಹೇಳಲಿ. ಮರುದಿನಾನ ಕಳಸ್ತೇನಿ.”

ನಮ್ಮ ಗಣಿತದ ಸರ್ ಗದಗಿನ ಕಡೆಯವರು, ಹೊಸದಾಗಿ ಕೆಲಸಕ್ಕೆ ಸೇರಿದವರು, ಬೋರ್ಡಿಗೆ ಬೆನ್ನು ತಿರುಗಿಸದೆ ಪಾಠ ಮಾಡುವ ಅಪರೂಪದ ಮನುಷ್ಯ. ಈ ಮಾತು ಕೇಳಿ ಅವರು ಬೇಸರಪಡಲಿಲ್ಲ, ಅದಕ್ಕೇನಂತೆ ಎಂದರು. ಕಾಲೇಜಿನಲ್ಲಿ ಗಣಿತ ಸಂಘ ಎಂಬುದೊಂದನ್ನು ಹುಟ್ಟುಹಾಕಿ, ಅದರ ಉದ್ಘಾಟನೆಗೆ ತಮಗೆ ಕಲಿಸಿದ್ದ ಪ್ರೊಫೆಸರರನ್ನೇ ಧಾರವಾಡದಿಂದ ಬರಲು ಒಪ್ಪಿಸಿದರು. ಆ ಪ್ರೊಫೆಸರರಿಗೆ ಒಂದು ರೂಢಿಯಿತ್ತಂತೆ: ಭಾಷಣದ ನಡುವೆ ಒಂದು ಲೆಕ್ಕ ಕೊಡುವುದು, ಬಿಡಿಸುವವರನ್ನು ಮೇಲೆ ಕರೆಯುವುದು, ಬಿಡಿಸಿದವರ ಹೆಸರು ಕೇಳಿಕೊಂಡು ಹೋಗಿ ಮರೆಯದೆ ಅವರ ಬೆನ್ನು ಹಿಡಿಯುವುದು. ಹೀಗೆ ಹಳ್ಳಿಗಳ ಹುಡುಗರು ಎಷ್ಟೋ ಜನ ಎಮ್ಮೆಸ್ಸಿಗೆ ಹೋಗಿದ್ದರಂತೆ, ನಮ್ಮ ಸರ್ ಕೂಡ ಅವರಲ್ಲೊಬ್ಬರು. ಲೆಕ್ಕ ಕೊಟ್ಟ ಕೂಡಲೇ ಏಳು, ಹಿಂದೆಮುಂದೆ ನೋಡಬೇಡ ಎಂದು ನನಗೆ ಹೇಳಿಟ್ಟಿದ್ದರು. ಅಪ್ಪನಿಗೂ ಬರಲು ಹೇಳಿದೆ. ಅಪ್ಪ ಅಂದು ಮಾರುಕಟ್ಟೆ ಇದ್ದ ದಿನವೂ ಅಂಗಡಿ ಬಿಟ್ಟು, ಇಸ್ತ್ರಿ ಮಾಡಿದ ಧೋತರ ಉಟ್ಟು, ನನಗಿಂತ ಮೊದಲೇ ಬಸ್ಸಿಗೆ ಹಾವೇರಿಗೆ ಬಂದು, ಹೊತ್ತಿಗೆ ಸರಿಯಾಗಿ ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತಿದ್ದರು.

ಪ್ರಾರ್ಥನೆ ನನ್ನದೇ, ಅದು ಹೇಗೂ ಇದ್ದದ್ದೇ. ಸ್ವಾಗತ ಗೀತೆಯೂ ನನ್ನದು. ಬೇರೆ ಯಾರಾದರೂ ಹಾಡಲಿ ಎಂದು ಗಣಿತದ ಸರ್ ಪ್ರಾಚಾರ್ಯರಿಗೆ ಹೇಳಿ ನೋಡಿದ್ದರು. ಗಣಿತ ಸಂಘಕ್ಕೆ ಗಣಿತದ ಹುಡುಗಿಯೇ ಹಾಡಿದರೆ ಶೋಭೆ ಎಂಬ ಉತ್ತರ ಬಂದಿತ್ತು. ಇರಲಿ, ಹಾಡು ಮುಗಿಸಿ ಮುಂದಿನ ಸಾಲಿನಲ್ಲಿ ಕೂತರಾಯಿತು ಎಂದುಕೊಂಡೆ. ಆದರೆ ಸಭೆ ಶುರುವಾಗುವುದೇ ತಡವಾಯಿತು, ಯಾಕೆಂದರೆ ಆಡಳಿತ ಮಂಡಳಿಯ ಅಧ್ಯಕ್ಷರು ಬಂದಿರಲಿಲ್ಲ. ಅವರಿಗೆ ಎಲ್ಲೋ ಒಂದು ಸೊಸೈಟಿಯ ಮೀಟಿಂಗು. ಧಾರವಾಡದಿಂದ ಬಂದ ಪ್ರೊಫೆಸರರು ಪ್ರಾಚಾರ್ಯರ ಕೋಣೆಯಲ್ಲಿ ಗಡಿಯಾರ ನೋಡುತ್ತ ಕೂತಿದ್ದರು. ಊರಲ್ಲೇ ಇದ್ದ ಅಧ್ಯಕ್ಷರು ಬಿಸಿಲು ಇಳಿಯುವ ಹೊತ್ತಿಗೆ ಜೀಪಿನಿಂದ ಇಳಿದರು. ಅವರಿಗೆ ದೊಡ್ಡ ಹಾರ, ಪ್ರೊಫೆಸರರಿಗೆ ಅದಕ್ಕಿಂತ ಒಂದು ಎಳೆ ಕಡಿಮೆಯದು. ಏಲಕ್ಕಿಯ ಘಮ ವೇದಿಕೆಯ ತುಂಬ ಹರಡಿತು.

ಪ್ರಾರ್ಥನೆ ಹಾಡಿದೆ, ಸ್ವಾಗತ ಗೀತೆ ಹಾಡಿದೆ. ಉಳಿದದ್ದೆಲ್ಲ ಒಂದನ್ನೂ ಬಿಡದೆ ನಡೆಯಿತು. ಅಧ್ಯಕ್ಷರು, ತಮಗೆ ಬೇರೆ ಕೆಲಸವಿದೆ ಎಂದು ಹೇಳಿ, ಅಧ್ಯಕ್ಷೀಯ ಭಾಷಣವನ್ನು ಮೊದಲೇ ಮಾಡಿದರು. ಮಾಡಿ ಎದ್ದು ಹೋಗದೆ ಅಲ್ಲೇ ಕೂತರು. ಹೀಗಾಗಿ ಪ್ರೊಫೆಸರರ ಸರದಿ ಬರುವುದಕ್ಕೂ ಅವರ ಗಾಡಿಯ ಹೊತ್ತು ಹತ್ತಿರವಾಗುವುದಕ್ಕೂ, ಒಳಗೆ ಮಾಡಿಟ್ಟ ಉಪ್ಪಿಟ್ಟು ಆರಲು ಹತ್ತುವುದಕ್ಕೂ ಸರಿಹೋಯಿತು. ಆಗ ಪ್ರಾಚಾರ್ಯರು ಒಂದು ಉಪಾಯ ಹೂಡಿದರು. ಭಾಷಣ ನಡೆಯುತ್ತಿರಲಿ, ವೇದಿಕೆಯ ಮೇಲಿನವರಿಗೂ ಮುಂದಿನ ಸಾಲಿನವರಿಗೂ ಅಲ್ಪೋಪಹಾರವೂ ನಡೆಯುತ್ತಿರಲಿ. ಹುಡುಗಿಯರೆಲ್ಲ ಒಳಗೆ ಬನ್ನಿ ಎಂದರು. ವಿಜ್ಞಾನದ ಹುಡುಗಿಯರು ಇದ್ದವರೇ ಬೆರಳೆಣಿಕೆಯಷ್ಟು, ರೇಶ್ಮೆ ಸೀರೆ ಉಟ್ಟವರು ಇನ್ನೂ ಕಡಿಮೆ. ನಾನು ಕೂತಲ್ಲಿಂದ ಅಲ್ಲಾಡದಿದ್ದಾಗ ಅವರು ನನ್ನ ಹೆಸರನ್ನೇ ಕರೆದರು. ನಮ್ಮ ಗಣಿತದ ಸರ್ ಇದ್ದಿದ್ದರೆ ತಡೆಯುತ್ತಿದ್ದರು. ಅವರು ಅಲ್ಲಿರಲಿಲ್ಲ, ತಾವೇ ಹುಟ್ಟುಹಾಕಿದ ಸಂಘದಲ್ಲಿ ಅವರಿಗೆ ಸಿಕ್ಕ ಪಾಲು ವಂದನಾರ್ಪಣೆ, ಅದರಲ್ಲಿ ಎರಡು ಹೆಸರು ಬಿಟ್ಟುಹೋಗಿವೆ ಎಂದು ಪ್ರಾಚಾರ್ಯರು ಅವರನ್ನು ಆಫೀಸಿಗೆ ಅಟ್ಟಿದ್ದರು.

ವೇದಿಕೆಯ ಮಗ್ಗುಲಿಗೆ ಜಿಮಖಾನಾದ ಸಾಮಾನು ಇಡುವ ಕೋಣೆ. ಕೇರಂ ಬೋರ್ಡಿನ ಮೇಲೆ ಪ್ಲೇಟು ಹರಡಿಕೊಂಡು ನಾವು ಉಪ್ಪಿಟ್ಟು ಹಾಕುತ್ತಿದ್ದೆವು. ಗೋಡೆಯ ಆಚೆಗೇ ಪ್ರೊಫೆಸರರ ದನಿ. ಸೀಮೆಸುಣ್ಣ ಹಲಗೆಗೆ ತಾಗುವ ಸದ್ದೂ ಕೇಳುತ್ತಿತ್ತು. ಗಣಿತವೆಂದರೆ ಸೂತ್ರ ಬಾಯಿಪಾಠ ಮಾಡುವುದಲ್ಲ, ಕಣ್ಣೆದುರು ಇರುವುದನ್ನು ಸರಿಯಾಗಿ ನೋಡುವುದು ಎಂದು ಹೇಳಿ ಅವರು ತಮ್ಮ ಲೆಕ್ಕವನ್ನು ಕೊಟ್ಟರು. ಇಂದು ಈ ಸಭೆಗೆ ಬಂದವರು ಒಬ್ಬರಿಗೊಬ್ಬರು ಕೈ ಕುಲುಕಿದ್ದಾರೆ. ಕೆಲವರು ಸಮ ಸಲ, ಕೆಲವರು ಬೆಸ ಸಲ. ಬೆಸ ಸಲ ಕುಲುಕಿದವರನ್ನೆಲ್ಲ ಎಣಿಸಿದರೆ ಅವರ ಸಂಖ್ಯೆ ಯಾವಾಗಲೂ ಸಮವೇ ಬರುತ್ತದೆ, ಬೇಕಾದರೆ ಊರನ್ನೆಲ್ಲ ಸೇರಿಸಿ ನೋಡಿರಿ. ಯಾಕೆ?

ನನ್ನ ಕೈಯಲ್ಲಿ ಸವಟು ಇತ್ತು. ಅದನ್ನು ಹಿಡಿದಲ್ಲೇ ಲೆಕ್ಕ ಬಿಡಿಸಿಕೊಂಡಿತು. ಕೈ ಕುಲುಕಲು ಇಬ್ಬರು ಬೇಕು. ಒಂದೊಂದು ಕುಲುಕೂ ಇಬ್ಬರ ಲೆಕ್ಕದಲ್ಲಿ ಸೇರುತ್ತದೆ, ಆದ್ದರಿಂದ ಎಲ್ಲರ ಲೆಕ್ಕವನ್ನೂ ಕೂಡಿಸಿದರೆ ಮೊತ್ತ ಸಮವೇ ಆಗಬೇಕು. ಅದರಲ್ಲಿ ಸಮ ಸಲದವರ ಪಾಲನ್ನು ತೆಗೆದರೂ ಉಳಿದದ್ದು ಸಮವೇ. ಬೆಸ ಅಂಕಿಗಳು ಕೂಡಿ ಸಮವಾಗಬೇಕಾದರೆ ಅವು ಜೋಡಿಜೋಡಿಯಾಗಿಯೇ ಇರಬೇಕು. ಇಷ್ಟೆ. ಒಳಗೆ ಆ ತಂಪು ಹರಿಯಿತು, ಅದರ ಹಿಂದೆಯೇ ಭಯವೂ ಬಂತು, ಯಾಕೆಂದರೆ ಗೋಡೆಯ ಆಚೆ ಯಾರೂ ಏಳಲಿಲ್ಲ. ಯಾರಾದರೂ ಬರ್ರಿ, ತಪ್ಪಾದರೂ ಅಡ್ಡಿಯಿಲ್ಲ ಎಂದು ಪ್ರೊಫೆಸರರು ಮತ್ತೆ ಮತ್ತೆ ಕರೆಯುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ಪ್ರಾಚಾರ್ಯರ ಹತ್ತಿರ ಹೋಗಿ, ಆ ಲೆಕ್ಕ ನನಗೆ ಬರುತ್ತದೆ, ಹೋಗಲೇ ಎಂದೆ. ಮೊದಲು ಅಧ್ಯಕ್ಷರಿಗೂ ಅತಿಥಿಗಳಿಗೂ ಕೊಟ್ಟು ಬಾ ಎಂದು ಅವರು ನನ್ನ ಕೈಗೆ ತಾಟು ಕೊಟ್ಟರು. ಇದೂ ಒಂದು ದಾರಿಯೇ ಆಯಿತಲ್ಲ ಎಂದು ತಾಟು ಹಿಡಿದುಕೊಂಡೇ ವೇದಿಕೆ ಹತ್ತಿದೆ.

ಹಲಗೆಯ ಪಕ್ಕ ಪ್ರೊಫೆಸರರು ಸೀಮೆಸುಣ್ಣವನ್ನು ಸಭೆಯ ಕಡೆ ಚಾಚಿ ನಿಂತಿದ್ದರು. ನಾನು ಪ್ಲೇಟು ಮೇಜಿನ ಮೇಲಿಟ್ಟು, ಇದ್ದ ಧೈರ್ಯವನ್ನೆಲ್ಲ ಒಟ್ಟುಮಾಡಿ, “ಸರ್, ನಾ ಬಿಡಸ್ಲಿರಿ?” ಎಂದೆ.

ಅವರು ನನ್ನ ಕಡೆ ತಿರುಗಿದರು. ಕೈ ಮುಂದೆ ಬಂದಿತ್ತು, ಇಂದಿಗೂ ಹೇಳುತ್ತೇನೆ, ಸೀಮೆಸುಣ್ಣದ ಕೈ ನನ್ನ ಕಡೆಗೇ ಬಂದಿತ್ತು. ಅಷ್ಟರಲ್ಲಿ ನನ್ನ ಹಿಂದೆಯೇ ಬಂದಿದ್ದ ಪ್ರಾಚಾರ್ಯರು ದೊಡ್ಡದಾಗಿ ನಕ್ಕರು.

“ಇಕಿ ನಮ್ಮ ಪ್ರಾರ್ಥನಾ ಹುಡುಗಿ ರೀ ಸರ್, ಎಲ್ಲಾದಕ್ಕೂ ಮುಂದ. ಹೋಗವಾ, ಅಧ್ಯಕ್ಷರಿಗೆ ನೀರ ತಾ.”

ಅಧ್ಯಕ್ಷರು ನಕ್ಕರು. ಮುಂದಿನ ಸಾಲು ನಕ್ಕಿತು, ಹಿಂದಿನ ಸಾಲುಗಳೂ ಸೇರಿಕೊಂಡವು. ಪ್ರೊಫೆಸರರೂ ನಕ್ಕರು, ಅವರು ಕೆಟ್ಟ ಮನುಷ್ಯರಲ್ಲ, ಮನೆಯವರು ನಗುವಾಗ ಬಂದ ಅತಿಥಿ ನಗುವ ಹಾಗೆ ನಕ್ಕರು. ಕೈಗಡಿಯಾರ ನೋಡಿಕೊಂಡು ಹಲಗೆಯ ಕಡೆ ತಿರುಗಿ ತಾವೇ ಲೆಕ್ಕ ಬಿಡಿಸತೊಡಗಿದರು. ನಾನು ನೀರು ತರಲು ಹೋದೆ. ಅಲ್ಲಿದ್ದವರು ನನ್ನನ್ನು ಬೈದಿದ್ದರೆ, ತಡೆದಿದ್ದರೆ, ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ ಎಂದಿದ್ದರೆ ನನಗೆ ಜಗಳವಾಡಲು ಒಂದು ಮಾತಾದರೂ ಸಿಗುತ್ತಿತ್ತು. ಅವರೆಲ್ಲ ಮುದ್ದಿನಿಂದ ನಕ್ಕರು. ಮುದ್ದಿನ ನಗೆಗೆ ಎದುರಾಡುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ, ಈಗಲೂ ನನಗೆ ಅದು ಬರುವುದಿಲ್ಲ.

ನಡೆದದ್ದು ಅಲ್ಲಿಗೂ ಮುಗಿಯಲಿಲ್ಲ. ಗಣಿತದ ಸರ್ ಮೈಕಿನ ಮುಂದೆ ನಿಂತು, ಪೆಂಡಾಲಿನವರಿಂದ ಹಿಡಿದು ಕುರ್ಚಿ ಕೊಟ್ಟವರ ತನಕ ಎಲ್ಲರನ್ನೂ ವಂದಿಸುತ್ತಿರುವಾಗಲೇ ಪ್ರೊಫೆಸರರು ಗಾಡಿ ತಪ್ಪುತ್ತದೆಂದು ಮೆಲ್ಲಗೆ ಎದ್ದು ಹೊರಗೆ ನಡೆದರು. ಹಿಂದಿನ ಸಾಲಿನಿಂದ ಅಪ್ಪ ಎದ್ದು ಅವರ ಹಿಂದೆ ಓಡುನಡಿಗೆಯಲ್ಲಿ ಹೋದದ್ದನ್ನು ನಾನು ಜಿಮಖಾನಾ ಕೋಣೆಯ ಕಿಟಕಿಯಿಂದ ಕಂಡೆ. ಅವರನ್ನು ಸ್ಟೇಶನ್ನಿಗೆ ಬಿಡಲು ನಿಂತಿದ್ದ ಅಧ್ಯಕ್ಷರ ಜೀಪಿನ ಬಾಗಿಲಲ್ಲಿ ಅಪ್ಪ ಕೈ ಮುಗಿದು ಏನೋ ಕೇಳಿದರು. ಪ್ರೊಫೆಸರರು ಅಪ್ಪನ ಹೆಗಲ ಮೇಲೆ ಕೈಯಿಟ್ಟು, ನಗುತ್ತ, ಏನೋ ಹೇಳಿದರು. ಜೀಪು ಹೋಯಿತು. ಅಪ್ಪ ಅಲ್ಲೇ ನಿಂತಿದ್ದರು, ಮುಖ ಅರಳಿತ್ತು. ಆ ಮುಖ ನೋಡಿ ನಾನು, ಹುಚ್ಚಿ, ಗೆದ್ದೆನೆಂದುಕೊಂಡೆ. ಯಾರೋ ನನ್ನ ವಿಷಯ ಮೊದಲೇ ಹೇಳಿರಬೇಕು, ಕೆಲಸ ಆಗಿದೆ ಎಂದುಕೊಂಡೆ.

ಸಂಜೆಯ ಗಾಡಿಯಲ್ಲಿ ಅಪ್ಪ ಎದುರಿಗೆ ಕೂತು ಸಂಭ್ರಮದಿಂದ ಹೇಳಿದರು.

“ನನ್ನ ಮಗಳ ಬಗ್ಗೆ ತಾವು ಏನ್ ಹೇಳ್ತೀರಿ ಅಂತ ಕೇಳಿದೆ. ಹಾಡಿದ ಹುಡುಗಿ ಅಲ್ಲೇನ್ರಿ ಅಂದ್ರು. ಹೌದು ಅಂದೆ. ಇಂಥಾ ಕಂಠ ಭಾಳ ಕಮ್ಮಿ, ಅದನ್ನ ಬಿಡಸಬ್ಯಾಡ್ರಿ, ಛಲೋ ಗುರುಗಳ ಕಡೆ ಸಂಗೀತ ಕಲಸ್ರಿ ಅಂದ್ರು. ಖರೇನ ದೊಡ್ಡ ಮನಶ್ಯಾ.”

ಲೆಕ್ಕದ ಬಗ್ಗೆ ಏನಂದರು ಎಂದು ಕೇಳಿದೆ. ಲೆಕ್ಕದ ಮಾತೇ ಬರಲಿಲ್ಲ ಎಂದರು. ಅಷ್ಟು ದೊಡ್ಡವರ ಕಣ್ಣಿಗೆ ಬೀಳದೆ ಇದ್ದದ್ದು ಇಲ್ಲವೇ ಇಲ್ಲ ಎಂದು ಅವರು ತೀರ್ಮಾನಿಸಿಯಾಗಿತ್ತು. ಗಣಿತದ ಸರ್ ಮುಂದಿನ ವಾರ ಬ್ಯಾಡಗಿಗೆ ಬಂದು, ಅಂಗಡಿಯಲ್ಲಿ ಘಾಟಿಗೆ ಕೆಮ್ಮುತ್ತಲೇ ಅಪ್ಪನೆದುರು ವಾದ ಮಾಡಿದರು. ಅಪ್ಪ ಅವರಿಗೆ ಚಹಾ ಕುಡಿಸಿ, ನೀವು ಹುಡುಗಿಯ ಕಡೆಯವರು ಎಂದು ಹೇಳಿ ಕಳಿಸಿದರು. ಹಾಡಲು ಧಾರವಾಡ ಬೇಕಿಲ್ಲ, ಊರಲ್ಲೇ ಕಲಿಯಬಹುದು. ತಿಂಗಳೊಪ್ಪತ್ತಿನಲ್ಲಿ ಮನೆಗೆ ಒಂದು ಹಾರ್ಮೋನಿಯಂ ಬಂತು. ನಾನು ಅದನ್ನು ಮುಟ್ಟಲಿಲ್ಲ. ಅಪ್ಪನ ಜೊತೆ ಮಾತನ್ನೂ ಕಡಿಮೆ ಮಾಡಿದೆ. ಕಳಿಸುವ ಮನಸ್ಸು ಇವರಿಗೆ ಮೊದಲಿಂದಲೂ ಇರಲಿಲ್ಲ, ದೊಡ್ಡ ಮಾಸ್ತರರ ನೆಪ ಹೂಡಿದ್ದರು, ನೆಪ ಕೈಗೂಡಿತು ಎಂದೇ ನಾನು ನಂಬಿದೆ. ಪದವಿ ಮುಗಿಯಿತು, ಮದುವೆಯಾಗಿ ರಾಣೇಬೆನ್ನೂರಿಗೆ ಬಂದೆ, ಗಂಡನ ಮನೆಯವರ ಒಪ್ಪಿಗೆಯಿಂದ ಬಿ.ಎಡ್. ಮಾಡಿಕೊಂಡು ಹೈಸ್ಕೂಲಿನಲ್ಲಿ ಗಣಿತ ಕಲಿಸತೊಡಗಿದೆ. ಕೆಟ್ಟ ಬದುಕೆಂದು ನಾನು ಹೇಳುವುದಿಲ್ಲ. ಆದರೆ ಹತ್ತನೆಯ ತರಗತಿಯ ಪುಸ್ತಕ ಮುಗಿದಲ್ಲಿ ನನ್ನ ಗಣಿತವೂ ಮುಗಿಯುತ್ತದೆ. ಅದರಾಚೆ ಏನಿತ್ತೆಂಬುದು ನನಗೆ ಗೊತ್ತಾಗಲೇ ಇಲ್ಲ. ಈ ಗೊತ್ತಾಗದಿರುವುದು ಎಂಥ ಹಸಿವೆಂದು ಊಟ ಬಡಿಸುವವರಿಗೆ ಹೇಗೆ ತಿಳಿಯಬೇಕು?

ತೊಂಬತ್ತರ ದಶಕದ ನಡುವೆ ಒಂದು ಭಾನುವಾರ ಕಾಲೇಜಿನಿಂದ ಮೂವರು ನಮ್ಮ ಮನೆಗೆ ಬಂದರು. ಕಾಲೇಜಿಗೆ ಬೆಳ್ಳಿಹಬ್ಬ. ಹಳೆಯ ವಿದ್ಯಾರ್ಥಿಗಳನ್ನೆಲ್ಲ ಕರೆಯುತ್ತಿದ್ದರು. ಡಾಕ್ಟರಾದವನಿಗೆ ಸನ್ಮಾನ, ಪೊಲೀಸ್ ಅಧಿಕಾರಿಯಾದವನಿಗೆ ಸನ್ಮಾನ, ನನ್ನಿಂದ ಪ್ರಾರ್ಥನೆ. ನಿಮ್ಮ ಹಾಡಿಲ್ಲದೆ ಸಭೆಗೆ ಕಳೆಯೇ ಬರುವುದಿಲ್ಲ ಎಂದರು. ಪ್ರಾರ್ಥನೆ ಹಾಡುವುದಿಲ್ಲ, ಹೈಸ್ಕೂಲಿನಲ್ಲಿ ಇಷ್ಟು ವರ್ಷ ಗಣಿತ ಕಲಿಸಿದ್ದೇನೆ, ಅದರ ಬಗ್ಗೆ ಮಾತಾಡಲು ಹತ್ತು ನಿಮಿಷ ಕೊಟ್ಟರೆ ಬರುತ್ತೇನೆ ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಅದೇ ನಗೆ. ತಾಳ್ಮೆ ಕಿತ್ತುಹೋಯಿತು ನನಗೆ. ಮನೆಗೆ ಬಂದವರಿಗೆ ಆಡಬಾರದ ಮಾತುಗಳನ್ನು ಆಡಿದೆ, ದನಿ ಓಣಿಗೆಲ್ಲ ಕೇಳಿರಬೇಕು. ಅವರು ಚಹಾ ಅರ್ಧಕ್ಕೆ ಬಿಟ್ಟು ಎದ್ದು ಹೋದರು.

ಅಪ್ಪ ಆಗ ನಾಲ್ಕು ದಿನ ಇರಲೆಂದು ನಮ್ಮ ಮನೆಗೆ ಬಂದಿದ್ದರು. ವಯಸ್ಸಾಗಿತ್ತು, ಅಂಗಡಿ ಬಿಟ್ಟಿದ್ದರು. ಪಡಸಾಲೆಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡವರು, ಇಷ್ಟು ಸಿಟ್ಟು ಯಾಕೆ, ಅಂಥ ದೊಡ್ಡವರೇ ಹೊಗಳಿದ ಕಂಠವಲ್ಲವೇ ಅದು ಎಂದರು. ಇಷ್ಟು ವರ್ಷ ಬಿಗಿಹಿಡಿದದ್ದು ಆಗ ಬಾಯಿಗೆ ಬಂತು. ನೀವು ನನ್ನನ್ನು ಕಳಿಸುವವರೇ ಇರಲಿಲ್ಲ, ನೆಪ ಬೇಕಿತ್ತು ನಿಮಗೆ ಎಂದೆ. ಅಪ್ಪ ನನ್ನ ಕಡೆ ತಿರುಗಿ ಕೂತು ಹೇಳಿದರು.

“ಅವತ್ತ ನಾ ನಿನಗಿಂತ ಮೊದಲ ಹಾವೇರಿಗೆ ಯಾಕ ಹೋಗಿದ್ದೆ, ಗೊತ್ತೈತೇನು? ಬಜಾರದಾಗ ಒಂದು ಟ್ರಂಕ್ ನೋಡಿ ಇಟ್ಟಿದ್ದೆ. ಹಸರ ಬಣ್ಣದ್ದು, ಗಟ್ಟಿ ಕೊಂಡಿ ಇತ್ತು. ಸಭಾ ಮುಗಿಸಿಕೊಂಡು ಬರ್ತೇನಿ, ಯಾರಿಗೂ ಕೊಡಬ್ಯಾಡ, ಮಗಳು ಧಾರವಾಡಕ್ಕ ಹೊಂಟಾಳ ಅಂತ ಅಂಗಡಿಯವಗ ಹೇಳಿದ್ದೆ. ಆಮ್ಯಾಲೆ ಮಾಸ್ತರು ಹಾಡಿನ ಮಾತ ಅಂದ್ರು. ಹಾಡಾಕ ಟ್ರಂಕ್ ಯಾಕ ಅಂತ ಹಂಗ ಬಂದೆ.”

ನನ್ನ ಸಿಟ್ಟು ಹೋಗಲಿಲ್ಲ. ಅಷ್ಟು ವರ್ಷ ಒಬ್ಬ ಮುದುಕನ ಮೇಲೆ ಕೂತಿದ್ದದ್ದು ಅಲ್ಲಿಂದ ಎದ್ದು, ತಾನು ಹೋಗಬೇಕಾದ ಕಡೆ ನೆಟ್ಟಗೆ ಹೋಯಿತು, ಮೊದಲಿಗಿಂತ ಇಮ್ಮಡಿಯಾಗಿ ಹೋಯಿತು. ಅಪ್ಪನ ಪಕ್ಕದಲ್ಲಿ ಕೂತು ಅಂದು ನಡೆದದ್ದನ್ನೆಲ್ಲ ಹೇಳಿದೆ. ಮಾಸ್ತರರು ಲೆಕ್ಕ ಕೊಟ್ಟಾಗ ನಾನು ಗೋಡೆಯ ಈಚೆ ಉಪ್ಪಿಟ್ಟು ಹಾಕುತ್ತಿದ್ದೆ, ಸಭೆಯಲ್ಲಿ ಯಾರಿಗೂ ಬಾರದ ಲೆಕ್ಕ ನನಗೆ ಬರುತ್ತಿತ್ತು, ಪ್ಲೇಟು ಹಿಡಿದು ವೇದಿಕೆಗೆ ಹೋಗಿ ನಾನು ಬಿಡಿಸಲೇ ಎಂದು ಕೇಳಿದೆ, ಆಗ ಎಲ್ಲರೂ ನಕ್ಕರು ಎಂದೆ. ಅಪ್ಪ ಧೋತರದ ಚುಂಗಿನಿಂದ ಮುಖ ಒರೆಸಿಕೊಂಡರು. ಆ ನಗೆ ತಮಗೆ ನೆನಪಿದೆ ಎಂದರು. ನನ್ನ ಮಾತು ಅಷ್ಟು ಹಿಂದಕ್ಕೆ ಕೇಳಿಸದೆ, ದೊಡ್ಡವರು ಮಗಳ ಮೇಲಿನ ಅಕ್ಕರೆಗೆ ನಗುತ್ತಿದ್ದಾರೆಂದು ತಿಳಿದು, ಹಿಂದಿನ ಸಾಲಿನಲ್ಲಿ ಕೂತು ತಾವೂ ನಕ್ಕಿದ್ದರಂತೆ. ಅದನ್ನು ಹೇಳಿ ತಲೆ ತಗ್ಗಿಸಿದರು. ಆಮೇಲೆ ಬಹಳ ಮೆಲ್ಲಗೆ ಕೇಳಿದರು.

“ಉಪ್ಪಿಟ್ಟ ಕೊಡಾಕ ಅಲ್ಲಿ ಬ್ಯಾರೆ ಯಾರೂ ಇರಲಿಲ್ಲೇನವಾ?”

“ಇದ್ರಪ್ಪಾ,” ಎಂದೆ. “ಸಭಾ ತುಂಬ ಇದ್ರು. ಎಲ್ಲಾರೂ ಕುಂತಿದ್ರು.”